ನಿಕ್ಕೆಲ್ ಮಾನೋಕ್ಲೋರೈಡ್ ರ‍್ಯಾಡಿಕಲ್‌ನ ಉತ್ಸರ್ಜನ ರೋಹಿತ: ದಾಖಲಿಸುವುದು, ಬಿಡಿಸುವುದು

ಮುಂಗಾರಿನ ಮೋಡ ಕಟ್ಟುವ ಮೊದಲೇ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಗೆ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತದ ಚೀಲಗಳು ಬಂದಿಳಿಯುತ್ತವೆ. ಆ ನೀಲಿ ಹರಳಿನ ಒಂದು ಚಿಟಿಕೆ ಪುಡಿಗೆ, ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವನ್ನು ಅಷ್ಟೇ ಬೆರೆಸಿ, ಒದ್ದೆ ಮಾಡಿದ ನಿಕ್ರೋಮ್ ತಂತಿಯ ತುದಿಗೆ ಅಂಟಿಸಿ, ಕಿಟಕಿ ತೆರೆದ ಪ್ರಯೋಗಾಲಯದಲ್ಲಿ ಬರ್ನರ್ ಜ್ವಾಲೆಗೆ ಹಿಡಿದರೆ ಜ್ವಾಲೆಯ ಅಂಚು ಚೊಕ್ಕ ನೀಲಿಗೆ ತಿರುಗುತ್ತದೆ. ಅಡುಗೆ ಉಪ್ಪನ್ನು ಬೆರೆಸಿದರೂ ಕ್ಲೋರಿನ್ ಸಿಗುತ್ತದೆ, ಆದರೆ ಸೋಡಿಯಂನ ಹಳದಿ ಎಲ್ಲವನ್ನೂ ನುಂಗಿಬಿಡುವುದರಿಂದ ನವಸಾಗರವೇ ಮೇಲು. ದೀಪಾವಳಿಯ ನೀಲಿ ಬಾಣಬಿರುಸಿಗೂ ಇದೇ ಬಣ್ಣ, ಇದೇ ಅಣು: ತಾಮ್ರದ ಒಂದು ಪರಮಾಣುವಿಗೆ ಕ್ಲೋರಿನ್‌ನ ಒಂದು ಪರಮಾಣು ಅಂಟಿಕೊಂಡ ಮಾನೋಕ್ಲೋರೈಡ್. ಹಳೆಯ ಡಿವಿಡಿಯ ತುಂಡನ್ನು ಗ್ರೇಟಿಂಗ್‌ನಂತೆ ಹಿಡಿದು ಆ ಜ್ವಾಲೆಯನ್ನು ನೋಡಿದರೆ ಬಿಡಿ ರೇಖೆಗಳ ಬದಲು ನೀಲಿ ಭಾಗದಲ್ಲಿ ಮಸುಕಾದ ಪಟ್ಟೆಗಳು ಕಾಣುತ್ತವೆ. ಅಂಥ ಒಂದು ಪಟ್ಟೆಯೊಳಗೆ ನೂರಾರು ರೇಖೆಗಳು ಅಡಗಿರುತ್ತವೆ, ಅವನ್ನು ಒಂದೊಂದಾಗಿ ಬಿಡಿಸಿ ಹೆಸರಿಡುವುದು ಹೇಗೆ ಎಂಬುದೇ ಈ ಮಾರ್ಗದರ್ಶಿಯ ವಿಷಯ.

ತಾಮ್ರದ ಮಾನೋಕ್ಲೋರೈಡ್‌ನಲ್ಲಿ ಎಲ್ಲ ಎಲೆಕ್ಟ್ರಾನುಗಳೂ ಜೋಡಿಯಾಗಿರುವುದರಿಂದ ಅದು ಕಟ್ಟುನಿಟ್ಟಿನ ಅರ್ಥದಲ್ಲಿ ರ‍್ಯಾಡಿಕಲ್ ಅಲ್ಲ. ಆವರ್ತಕ ಕೋಷ್ಟಕದಲ್ಲಿ ಒಂದು ಮನೆ ಎಡಕ್ಕೆ ಸರಿದರೆ ನಿಕ್ಕೆಲ್ ಸಿಗುತ್ತದೆ, ಅದರ ಮಾನೋಕ್ಲೋರೈಡ್‌ನಲ್ಲಿ ಒಂದು ಎಲೆಕ್ಟ್ರಾನ್ ಒಂಟಿಯಾಗಿ ಉಳಿಯುತ್ತದೆ. ಆ ಒಂಟಿ ಎಲೆಕ್ಟ್ರಾನ್ ರೋಹಿತವನ್ನು ಎಷ್ಟು ಗೋಜಲು ಮಾಡುತ್ತದೋ ಅಷ್ಟೇ ಸ್ವಾರಸ್ಯಕರವನ್ನಾಗಿಯೂ ಮಾಡುತ್ತದೆ. ಹಾಸನದಲ್ಲಿ ಭೌತಶಾಸ್ತ್ರ ಕಲಿಸುವ ನನ್ನಂಥವರಿಗೆ ಇದರಲ್ಲಿ ಒಂದು ಅನುಕೂಲವಿದೆ. ರೋಹಿತವನ್ನು ದಾಖಲಿಸುವ ದೊಡ್ಡ ಉಪಕರಣ ನಮ್ಮೂರಿನಲ್ಲಿ ಇರಬೇಕಾಗಿಲ್ಲ, ಏಕೆಂದರೆ ದಾಖಲಿಸುವುದು ಎರಡು ದಿನದ ಕೆಲಸವಾದರೆ ಬಿಡಿಸುವುದು ಎರಡು ಸೆಮಿಸ್ಟರಿನ ಕೆಲಸ, ಮತ್ತು ಆ ಎರಡನೆಯದಕ್ಕೆ ಸಾಧಾರಣ ಕಂಪ್ಯೂಟರೂ ತಾಳ್ಮೆಯೂ ಸಾಕು. ಆದರೂ ದತ್ತಾಂಶ ಹೇಗೆ ಹುಟ್ಟುತ್ತದೆ ಎಂದು ತಿಳಿಯದವರು ಅದನ್ನು ಬಿಡಿಸುವಾಗ ಎಡವುತ್ತಾರೆ. ಹಾಗಾಗಿ ಮೊದಲಿನಿಂದಲೇ ಹೊರಡುತ್ತೇನೆ.

ಎಷ್ಟು ರೆಸಲ್ಯೂಷನ್ ಬೇಕು?

ರೆಸಲ್ಯೂಷನ್ ಎಂದರೆ ಪಕ್ಕಪಕ್ಕದ ಎರಡು ರೇಖೆಗಳನ್ನು ಬೇರೆ ಬೇರೆಯಾಗಿ ತೋರಿಸುವ ಸಾಮರ್ಥ್ಯ. ಉಪಕರಣದ ಮುಂದೆ ಕೂರುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿಕೊಳ್ಳಬೇಕು. ಅನಿಲದ ಅಣುಗಳು ಅತ್ತಿತ್ತ ಧಾವಿಸುತ್ತಿರುವುದರಿಂದ ಡಾಪ್ಲರ್ ಪರಿಣಾಮವು ಪ್ರತಿ ರೇಖೆಯನ್ನೂ ಸ್ವಲ್ಪ ಅಗಲಗೊಳಿಸುತ್ತದೆ. ಕೆಲ್ವಿನ್‌ನಲ್ಲಿರುವ ತಾಪಮಾನವನ್ನು ಅಣುತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, ಅದನ್ನು ರೇಖೆಯ ತರಂಗಸಂಖ್ಯೆಯಿಂದಲೂ (ಒಂದು ಸೆಂಟಿಮೀಟರಿನಲ್ಲಿ ಹಿಡಿಸುವ ಅಲೆಗಳ ಎಣಿಕೆ, ಏಕಮಾನ ಸೆಂ.ಮೀ.⁻¹) 0.000000716 ಎಂಬ ಸ್ಥಿರಾಂಕದಿಂದಲೂ ಗುಣಿಸಿದರೆ ಅರ್ಧ ಎತ್ತರದಲ್ಲಿ ರೇಖೆಯ ಅಗಲ ಸಿಗುತ್ತದೆ. ನಿಕ್ಕೆಲ್ ಮಾನೋಕ್ಲೋರೈಡ್‌ನ ತೂಕ ಸುಮಾರು 93. ಈ ಅಣುವು ಸುಮಾರು 9,100 ಸೆಂ.ಮೀ.⁻¹ ಸುತ್ತ, ಅಂದರೆ 1.1 ಮೈಕ್ರೋಮೀಟರಿನ ಸಮೀಪದ ಅವಕೆಂಪಿನಲ್ಲಿ, ಪಟ್ಟೆಗಳನ್ನು ಹೊಮ್ಮಿಸುತ್ತದೆ. ತಾಪಮಾನ 1,000 ಕೆಲ್ವಿನ್ ಎಂದುಕೊಂಡರೆ ಅಗಲ 0.021 ಸೆಂ.ಮೀ.⁻¹ ಆಗುತ್ತದೆ. ಆದ್ದರಿಂದ ಉಪಕರಣವನ್ನು 0.02ಕ್ಕೆ ಹೊಂದಿಸಿದರೆ ಸಾಕು. ಇನ್ನೂ ಸೂಕ್ಷ್ಮವಾಗಲಿ ಎಂದು 0.005ಕ್ಕೆ ಇಳಿಸಿದರೆ ರೇಖೆಯೇನೂ ಕಿರಿದಾಗುವುದಿಲ್ಲ, ಗದ್ದಲ (ಸಂಕೇತದ ಮೇಲಿನ ಅಡ್ಡಾದಿಡ್ಡಿ ಏರಿಳಿತ) ಮಾತ್ರ ಹೆಚ್ಚುತ್ತದೆ. ಹೊಸಬರು ಮಾಡುವ ಮೊದಲ ತಪ್ಪು ಇದೇ ಎಂದು ನನ್ನ ಅನುಭವ.

ಅಣುವನ್ನು ಹುಟ್ಟಿಸುವುದು

ಈ ರ‍್ಯಾಡಿಕಲ್ ಸೀಸೆಯಲ್ಲಿ ಸಿಗುವ ಪದಾರ್ಥವಲ್ಲ. ಸಿಗುವುದು ನಿಕ್ಕೆಲ್ ಡೈಕ್ಲೋರೈಡ್, ಅದರ ಆವಿಯಿಂದ ಒಂದು ಕ್ಲೋರಿನ್ ಪರಮಾಣುವನ್ನು ಕಿತ್ತರೆ ನಮಗೆ ಬೇಕಾದದ್ದು ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಹಸಿರು ಹರಳಿನಲ್ಲಿ ಪ್ರತಿ ಅಣುವಿಗೆ ಆರು ನೀರಿನ ಅಣುಗಳು ಸೇರಿರುತ್ತವೆ. ಅದನ್ನು ಗಾಳಿಯಲ್ಲಿ ಸುಮ್ಮನೆ ಕಾಯಿಸಿದರೆ ಒಂದಷ್ಟು ಭಾಗ ಆಕ್ಸೈಡ್ ಆಗಿಬಿಡುವುದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲದ ಹರಿವಿನಲ್ಲಿ ಒಣಗಿಸಬೇಕು, ಇಲ್ಲವೇ ನೀರಿಲ್ಲದ, ಬಂಗಾರದ ಹಳದಿ ಬಣ್ಣದ ಪುಡಿಯನ್ನೇ ಕೊಳ್ಳಬೇಕು. ಒಮ್ಮೆ ಜುಲೈ ತಿಂಗಳ ಜಡಿಮಳೆಯಲ್ಲಿ ಈ ಪುಡಿಯ ಸೀಸೆಯ ಮುಚ್ಚಳವನ್ನು ನಾನು ಸರಿಯಾಗಿ ತಿರುಗಿಸದೆ ಬಿಟ್ಟು ಹೋಗಿದ್ದೆ. ಬೆಳಿಗ್ಗೆ ನೋಡಿದರೆ ಹಳದಿ ಪುಡಿಯ ಮೇಲಂಚು ಪಾಚಿ ಕಟ್ಟಿದಂತೆ ಹಸಿರಾಗಿತ್ತು, ಚಮಚದಿಂದ ಕೆದಕಿದರೆ ಹೆಂಟೆಯಾಗಿ ಏಳುತ್ತಿತ್ತು. ಮಲೆನಾಡಿನ ಅಂಚಿನಲ್ಲಿ ಕೆಲಸ ಮಾಡುವವರು ಸಿಲಿಕಾ ಜೆಲ್ ಹಾಕಿದ ಡೆಸಿಕೇಟರನ್ನು ಮರೆಯುವಂತಿಲ್ಲ. ನಿಕ್ಕೆಲ್ ಲವಣದ ಧೂಳು ಉಸಿರಿಗೆ ಹೋದರೆ ಕ್ಯಾನ್ಸರಿಗೆ ಕಾರಣವಾಗಬಲ್ಲದು, ಚರ್ಮಕ್ಕೆ ತಗುಲಿದರೆ ಕೆಲವರಿಗೆ ಅಲರ್ಜಿಯಾಗುತ್ತದೆ. ಆದ್ದರಿಂದ ತೂಗುವುದು, ತುಂಬುವುದು ಎಲ್ಲವೂ ಹೊಗೆಗೂಡಿನೊಳಗೆ, ಕೈಗವಸು ತೊಟ್ಟೇ ಆಗಬೇಕು.

ಒಣಪುಡಿಯನ್ನು ಕ್ವಾರ್ಟ್ಸ್ ಕೊಳವೆಯಲ್ಲಿಟ್ಟು ಹೊರಗಿನಿಂದ ಕಾಯಿಸುತ್ತಾರೆ. ಸುಮಾರು 670 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಆವಿಯ ಒತ್ತಡ 1 ಟಾರ್ (ಒಂದು ಮಿಲಿಮೀಟರ್ ಪಾದರಸದಷ್ಟು ಒತ್ತಡ) ಮುಟ್ಟುತ್ತದೆ. ಬೇಕಾಗುವುದು ಅದಕ್ಕಿಂತ ಕಡಿಮೆ. ಕೆಲವೇ ಟಾರ್ ಒತ್ತಡದ ಹೀಲಿಯಂ ಅನಿಲವು ಆ ಆವಿಯನ್ನು ಹೊತ್ತು ಮುಂದೆ ಹರಿಯುತ್ತದೆ, ಅಲ್ಲಿ 2,450 ಮೆಗಾಹರ್ಟ್ಸ್‌ನ ಮೈಕ್ರೋವೇವ್ ವಿಸರ್ಜನೆಯು (ಅನಿಲದೊಳಗೆ ಹೊತ್ತಿಸಿದ ವಿದ್ಯುತ್ ಹೊಳಪು) ಅಣುಗಳನ್ನು ಒಡೆದು, ಉಳಿದ ತುಂಡುಗಳನ್ನು ಉದ್ರೇಕಿಸುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯದೂ ಇದೇ ಆವರ್ತನ. ಟೈಟಾನಿಯಂ ಮಾನೋಕ್ಲೋರೈಡ್ ಬೇಕಿದ್ದರೆ ಕೆಲಸ ಸುಲಭ, ಏಕೆಂದರೆ ಟೈಟಾನಿಯಂ ಟೆಟ್ರಾಕ್ಲೋರೈಡ್ ಕೊಠಡಿಯ ತಾಪಮಾನದಲ್ಲೇ ಆವಿಯಾಗುವ ದ್ರವ. ವಿಸರ್ಜನೆಯ ಬದಲು ಬರೀ ಕುಲುಮೆಯಲ್ಲೂ ಕಾಯಿಸಬಹುದು, ಆದರೆ ಆಗ ಕುಲುಮೆಯ ಗೋಡೆಯ ಕೆಂಪು ಬೆಳಕೇ ನಮಗೆ ಬೇಕಾದ ಅವಕೆಂಪು ಭಾಗವನ್ನು ತುಂಬಿಕೊಳ್ಳುತ್ತದೆ.

ಪಂಪಿನ ಮುಂದೆ ದ್ರವ ಸಾರಜನಕದಲ್ಲಿ ಮುಳುಗಿಸಿದ ಬಲೆಯೊಂದನ್ನು ಇಡದಿದ್ದರೆ ಕ್ಲೋರಿನ್ ಪಂಪಿನ ಎಣ್ಣೆಯನ್ನೂ ಕವಾಟಗಳನ್ನೂ ತಿಂದುಹಾಕುತ್ತದೆ. ದ್ರವ ಸಾರಜನಕವೆಂದರೆ ನಮ್ಮ ವಿದ್ಯಾರ್ಥಿಗಳು ಮೊದಲು ಗಾಬರಿಪಡುತ್ತಾರೆ. ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಟ್ಟುಕೊಳ್ಳುವ ಆ ಹೊಗೆಯಾಡುವ ಜಾಡಿಯನ್ನು ಊರಿನ ಪಶು ಆಸ್ಪತ್ರೆಯಲ್ಲಿ ನೋಡಿಲ್ಲವೇ ಎಂದು ಕೇಳಿದರೆ ಗಾಬರಿ ಇಳಿಯುತ್ತದೆ.

ಬೆಳಕನ್ನು ದಾಖಲಿಸುವುದು

ಇಲ್ಲಿ ಬಳಸುವುದು ಫೂರಿಯೇ ರೂಪಾಂತರ ರೋಹಿತಮಾಪಕ, ಅಂದರೆ ಮೈಕೆಲ್ಸನ್ನನ ವ್ಯತಿಕರಣಮಾಪಕದ ದೊಡ್ಡ ರೂಪ. ಅದು ಬೆಳಕನ್ನು ಎರಡು ಕಿರಣಗಳಾಗಿ ಸೀಳಿ, ಚಲಿಸುವ ಕನ್ನಡಿಯಿಂದ ಒಂದರ ದಾರಿಯನ್ನು ಬದಲಿಸುತ್ತಾ ಮತ್ತೆ ಕೂಡಿಸುತ್ತದೆ, ಹಾಗೆ ಸಿಕ್ಕ ಸಂಕೇತವನ್ನು ಗಣಿತದಿಂದ ರೋಹಿತಕ್ಕೆ ರೂಪಾಂತರಿಸುತ್ತಾರೆ. ಅಮೆರಿಕದ ಅರಿಜೋನಾದ ಕಿಟ್ ಪೀಕ್‌ನಲ್ಲಿ ಸೌರ ದೂರದರ್ಶಕಕ್ಕೆ ಜೋಡಿಸಿದ್ದ ಇಂಥ ಒಂದು ಉಪಕರಣದಲ್ಲಿ ಆರ್. ಎಸ್. ರಾಮ್ ಮತ್ತು ಪೀಟರ್ ಬರ್ನಾತ್ ಅವರು ಟೈಟಾನಿಯಂ, ಜಿರ್ಕೋನಿಯಂ, ಕೋಬಾಲ್ಟ್ ಮೊದಲಾದ ಎಷ್ಟೋ ಲೋಹಗಳ ಹ್ಯಾಲೈಡುಗಳ ಉತ್ಸರ್ಜನೆಯನ್ನು ದಾಖಲಿಸಿ ಬಿಡಿಸಿದ್ದಾರೆ. ರೆಸಲ್ಯೂಷನ್ 0.02 ಸೆಂ.ಮೀ.⁻¹ ಬೇಕಾದರೆ ಎರಡು ಕಿರಣಗಳ ಪಥವ್ಯತ್ಯಾಸವು 50 ಸೆಂಟಿಮೀಟರಿನವರೆಗೆ ಹೋಗಬೇಕು, ಅಂದರೆ ಕನ್ನಡಿ 25 ಸೆಂಟಿಮೀಟರು ಚಲಿಸಬೇಕು. ಕನ್ನಡಿ ಎಲ್ಲಿದೆ ಎಂದು ಪ್ರತಿ ಕ್ಷಣವೂ ತಿಳಿಸುವುದು 632.8 ನ್ಯಾನೋಮೀಟರಿನ ಹೀಲಿಯಂ-ನಿಯಾನ್ ಲೇಸರ್.

ಈ ಲೇಸರಿನ ಪ್ರತಿ ವ್ಯತಿಕರಣ ಪಟ್ಟಿಗೊಮ್ಮೆ (ಪಥವ್ಯತ್ಯಾಸ ಲೇಸರಿನ ಒಂದು ತರಂಗದೂರದಷ್ಟು ಬದಲಾದಾಗಲೊಮ್ಮೆ) ಸಂಕೇತವನ್ನು ಅಳೆದರೆ 7,899 ಸೆಂ.ಮೀ.⁻¹ವರೆಗಿನ ರೋಹಿತ ಮಾತ್ರ ಸರಿಯಾಗಿ ಸಿಗುತ್ತದೆ. ಅದಕ್ಕಿಂತ ಮೇಲಿರುವುದೆಲ್ಲ ಕಾಗದ ಮಡಿಚಿದಂತೆ ಹಿಂದಕ್ಕೆ ಮಡಿಚಿಕೊಂಡು ತಪ್ಪು ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ಪಟ್ಟೆ 9,100ರಲ್ಲಿ ಇರುವುದರಿಂದ ಪಟ್ಟಿಗೆ ಎರಡು ಸಲ ಅಳೆಯಬೇಕು. ಆಗ ಮಿತಿ 15,798ಕ್ಕೆ ಏರುತ್ತದೆ, ಒಂದು ಸ್ಕ್ಯಾನಿಗೆ ಸುಮಾರು 16 ಲಕ್ಷ ಬಿಂದುಗಳು ಬೇಕಾಗುತ್ತವೆ. ಡಿಟೆಕ್ಟರಿನ ಆಯ್ಕೆಯಲ್ಲೂ ಎಚ್ಚರ ಬೇಕು. ಸಿಲಿಕಾನ್ ಡಯೋಡಿನ ಕಣ್ಣು ಸರಿಯಾಗಿ 1.1 ಮೈಕ್ರೋಮೀಟರಿನ ಹತ್ತಿರವೇ ಮಂಜಾಗುವುದರಿಂದ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಅಥವಾ ಜರ್ಮೇನಿಯಂ ಆರಿಸಿಕೊಳ್ಳುವುದು ಒಳ್ಳೆಯದು. ಡಿಟೆಕ್ಟರಿನ ಮುಂದೆ, ನಮಗೆ ಬೇಕಾದ ಭಾಗವನ್ನು ಮಾತ್ರ ಬಿಡುವ ಫಿಲ್ಟರ್ ಇರಲೇಬೇಕು. ಈ ವಿಧಾನದಲ್ಲಿ ಎಲ್ಲೋ ಒಂದು ಕಡೆ ಇರುವ ಪ್ರಖರ ಪರಮಾಣು ರೇಖೆಯ ಗದ್ದಲವು ರೋಹಿತದ ಉದ್ದಕ್ಕೂ ಹರಡಿಕೊಳ್ಳುತ್ತದೆ, ಹೀಲಿಯಂನ ಬಲವಾದ ರೇಖೆಯೊಂದನ್ನು ತಡೆಯದೆ ಬಿಟ್ಟರೆ ನಮ್ಮ ದುರ್ಬಲ ಪಟ್ಟೆ ಅದರಲ್ಲೇ ಮುಳುಗಿಹೋಗುತ್ತದೆ.

ಗಾಳಿಯ ತೇವಾಂಶದ ಕಾಟ ಬೇರೆ. ನೀರಾವಿಯು ಸುಮಾರು 8,600ರಿಂದ 9,100 ಸೆಂ.ಮೀ.⁻¹ ನಡುವೆ ಬೆಳಕನ್ನು ಹೀರುತ್ತದೆ. ಉಪಕರಣದ ಒಳಗನ್ನು ನಿರ್ವಾತಗೊಳಿಸಿ, ಮೂಲದಿಂದ ಉಪಕರಣದವರೆಗಿನ ದಾರಿಯಲ್ಲಿ ಒಣ ಸಾರಜನಕ ಹರಿಸದಿದ್ದರೆ, ಪಟ್ಟೆಯ ಮೇಲೆ ನೀರಿನ ರೇಖೆಗಳು ಹಲ್ಲು ಮುರಿದ ಬಾಚಣಿಗೆಯಂತೆ ಕಚ್ಚಿದ ಗುರುತುಗಳನ್ನು ಬಿಡುತ್ತವೆ. ಕೆಲವು ಡಜನ್ ಸ್ಕ್ಯಾನುಗಳನ್ನು ಕೂಡಿಸಿ ಸರಾಸರಿ ತೆಗೆಯಿರಿ. ಸ್ಕ್ಯಾನುಗಳ ಸಂಖ್ಯೆ ನಾಲ್ಕು ಪಟ್ಟಾದರೆ ಗದ್ದಲ ಅರ್ಧಕ್ಕಿಳಿಯುತ್ತದೆ, ಅಷ್ಟೇ. ಕರೆಂಟ್ ಹೋಗಿ ಬಂದಾಗ ಲೇಸರಿನ ಎಣಿಕೆ ತಪ್ಪಿದ ಸ್ಕ್ಯಾನನ್ನು ದಯೆ ತೋರದೆ ಎಸೆಯಬೇಕು.

ರೇಖೆಗಳನ್ನು ಅಳೆಯುವುದು

ರೂಪಾಂತರದ ನಂತರ ಕೈಗೆ ಬರುವ ಕಡತದಲ್ಲಿ ಮೊದಲು ಪರಮಾಣು ರೇಖೆಗಳನ್ನು ಗುರುತಿಸಿ ಬದಿಗಿಡಿ. ಅವುಗಳಲ್ಲಿ ಸ್ಥಾನ ನಿಖರವಾಗಿ ಗೊತ್ತಿರುವ ರೇಖೆಗಳೇ ನಮ್ಮ ಅಳತೆಗೋಲು. ಫೂರಿಯೇ ಉಪಕರಣದಲ್ಲಿ ದೋಷವು ತರಂಗಸಂಖ್ಯೆಗೆ ಅನುಪಾತದಲ್ಲಿ ಇರುವುದರಿಂದ ಇಡೀ ರೋಹಿತವನ್ನು ಒಂದೇ ಗುಣಾಂಕದಿಂದ ಗುಣಿಸಿದರೆ ಸರಿಹೋಗುತ್ತದೆ. ಗಾಳಿಯಲ್ಲಿ ಅಳೆದ ಕೋಷ್ಟಕದ ಮೌಲ್ಯವನ್ನೂ ನಿರ್ವಾತದ ಮೌಲ್ಯವನ್ನೂ ಬೆರೆಸಿಬಿಟ್ಟರೆ ಈ ಭಾಗದಲ್ಲಿ 2.5 ಸೆಂ.ಮೀ.⁻¹ನಷ್ಟು ಜಾರುತ್ತೇವೆ, ಅದು ಒಂದು ರೇಖೆಯ ಅಗಲದ ನೂರು ಪಟ್ಟಿಗೂ ಹೆಚ್ಚು. ಪ್ರತಿ ರೇಖೆಗೂ ವಾಯ್ಟ್ ಆಕಾರವೆಂಬ ಗಂಟೆಯಂಥ ಬಾಗುರೇಖೆಯನ್ನು ಹೊಂದಿಸಿ ಅದರ ಸ್ಥಾನ ತೆಗೆಯಬೇಕು. ರೇಖೆಯ ಅಗಲವನ್ನು ಸಂಕೇತ-ಗದ್ದಲದ ಅನುಪಾತದಿಂದ ಭಾಗಿಸಿದರೆ ಸ್ಥಾನದ ಅನಿಶ್ಚಿತತೆಯ ಅಂದಾಜು ಸಿಗುತ್ತದೆ, ಅನುಪಾತ 10 ಇದ್ದರೆ ಸುಮಾರು 0.002 ಸೆಂ.ಮೀ.⁻¹. ಪ್ರಖರ ರೇಖೆಯ ಎರಡೂ ಬದಿಯಲ್ಲಿ ಏರಿಳಿಯುವ ಸಣ್ಣ ಅಲೆಗಳು ಫೂರಿಯೇ ವಿಧಾನದ್ದೇ ಸೃಷ್ಟಿ. ಅವಕ್ಕೂ ಹೆಸರಿಟ್ಟು ಅಣುವಿನ ಲೆಕ್ಕಕ್ಕೆ ಸೇರಿಸಿದವರನ್ನು ಕಂಡಿದ್ದೇನೆ.

ಐಸೊಟೋಪ್‌ಗಳು ಕೊಡುವ ಸುಳಿವು

ನಿಕ್ಕೆಲ್ ಮತ್ತು ಕ್ಲೋರಿನ್ ಎರಡಕ್ಕೂ ಒಂದಕ್ಕಿಂತ ಹೆಚ್ಚು ಐಸೊಟೋಪ್ ಇರುವುದು ಮೊದಲ ನೋಟಕ್ಕೆ ಪೀಡೆಯಾಗಿ ಕಂಡರೂ ನಿಜದಲ್ಲಿ ಅದೇ ನಮ್ಮ ಸಾಕ್ಷಿ. ನಿಕ್ಕೆಲ್-58 ಮತ್ತು ಕ್ಲೋರಿನ್-35 ಸೇರಿದ ಅಣು ಒಟ್ಟಿನ 52 ಶೇಕಡಾ, ನಿಕ್ಕೆಲ್-60 ಮತ್ತು ಕ್ಲೋರಿನ್-35 ಸೇರಿದ್ದು 20, ನಿಕ್ಕೆಲ್-58 ಮತ್ತು ಕ್ಲೋರಿನ್-37 ಸೇರಿದ್ದು 16.5. ಹಾಗಾಗಿ ಪ್ರತಿ ಪ್ರಬಲ ಪಟ್ಟೆಯ ಪಕ್ಕದಲ್ಲೂ ಅದರ ಶೇಕಡಾ 40ರಷ್ಟು ಮತ್ತು 30ರಷ್ಟು ತೀವ್ರತೆಯ ಎರಡು ನೆರಳುಗಳನ್ನು ಹುಡುಕಬೇಕು.

ಅಣು ಮೇಲಿನ ಎಲೆಕ್ಟ್ರಾನಿಕ್ ಸ್ಥಿತಿಯಿಂದ ಕೆಳಗಿನದಕ್ಕೆ ಇಳಿಯುವಾಗ ಬೆಳಕು ಹೊಮ್ಮುತ್ತದೆ. ಪ್ರತಿ ಸ್ಥಿತಿಯಲ್ಲೂ ಕಂಪನದ ಮೆಟ್ಟಿಲುಗಳಿರುತ್ತವೆ, ಸೊನ್ನೆಯಿಂದ ಎಣಿಸಿದ ಮೆಟ್ಟಿಲಿನ ಕ್ರಮಾಂಕವೇ ಕಂಪನ ಸಂಖ್ಯೆ. ಕೆಳಗಿನ ಸ್ಥಿತಿಯ ಕಂಪನದ ಹೆಜ್ಜೆ ಸುಮಾರು 425 ಸೆಂ.ಮೀ.⁻¹, ಮೇಲಿನದು ಉದಾಹರಣೆಗೆ 400 ಎಂದಿಟ್ಟುಕೊಳ್ಳೋಣ. ಕ್ಲೋರಿನ್-37 ಬಂದರೆ ಅಣು ಭಾರವಾಗಿ ಈ ಹೆಜ್ಜೆಗಳು ಶೇಕಡಾ 1.7ರಷ್ಟು ಕುಗ್ಗುತ್ತವೆ. ಮೇಲೆ ಸೊನ್ನೆ, ಕೆಳಗೆ ಒಂದು ಕಂಪನ ಸಂಖ್ಯೆಯ ಪಟ್ಟೆಯಲ್ಲಿ ನೆರಳು 7.4 ಸೆಂ.ಮೀ.⁻¹ ಮೇಲಕ್ಕೆ ಸರಿಯುತ್ತದೆ. ಮೇಲೆ ಒಂದು, ಕೆಳಗೆ ಸೊನ್ನೆ ಇರುವ ಪಟ್ಟೆಯಲ್ಲಿ 6.6 ಕೆಳಕ್ಕೆ ಇಳಿಯುತ್ತದೆ. ಎರಡೂ ಸೊನ್ನೆಯಾದ ಪಟ್ಟೆಯಲ್ಲಿ ಮಾತ್ರ ಸರಿತ ಬರೀ 0.2, ಅಂದರೆ ನೆರಳು ಪಟ್ಟೆಗೇ ಅಂಟಿಕೊಂಡಿರುತ್ತದೆ. ನೆರಳು ಯಾವ ಕಡೆ, ಎಷ್ಟು ದೂರ ಎಂದು ನೋಡಿಯೇ ಪಟ್ಟೆಯ ಕಂಪನ ಸಂಖ್ಯೆಗಳನ್ನು ನಿರ್ಧರಿಸಬಹುದು.

ಜೆ ಹಂಚುವುದು

ಕೆಲಸದ ಹೃದಯ ಇದು. ಪ್ರತಿ ರೇಖೆಗೂ ಭ್ರಮಣದ ಕ್ವಾಂಟಂ ಸಂಖ್ಯೆಯಾದ ಜೆ ಎಷ್ಟು, ಅದು ಪಿ ಶಾಖೆಯದೋ ಆರ್ ಶಾಖೆಯದೋ ಎಂದು ಹೇಳಬೇಕು. ಮೇಲಿನ ಮಟ್ಟದ ಜೆ ಕೆಳಗಿನದಕ್ಕಿಂತ ಒಂದು ಕಡಿಮೆಯಿದ್ದರೆ ಪಿ, ಒಂದು ಹೆಚ್ಚಿದ್ದರೆ ಆರ್, ಸಮವಿದ್ದರೆ ಕ್ಯು ಶಾಖೆ. ಒಂಟಿ ಎಲೆಕ್ಟ್ರಾನಿನ ಕಾರಣ ಜೆ ಇಲ್ಲಿ ಅರೆಸಂಖ್ಯೆ: 1.5, 2.5, 3.5 ಹೀಗೆ. ಮೂಲಸ್ಥಿತಿಯು ಒಮೇಗ 3/2 ಇರುವ ದ್ವಿಗುಣ ಪೈ ಸ್ಥಿತಿ (ಒಂಟಿ ಎಲೆಕ್ಟ್ರಾನ್ ಇರುವ ಸ್ಥಿತಿಗಳಲ್ಲಿ ಒಂದು ಬಗೆ). ಒಮೇಗ ಎಂದರೆ ಎಲೆಕ್ಟ್ರಾನುಗಳ ಕೋನೀಯ ಸಂವೇಗದಲ್ಲಿ ಅಣುವಿನ ಅಕ್ಷದ ಗುಂಟ ಇರುವ ಪಾಲು. ಕಲಿಯುವವರು ಮೇಲೆ ಕೆಳಗೆ ಒಮೇಗ ಬದಲಾಗದ ಪಟ್ಟೆಯಿಂದ ಆರಂಭಿಸಬೇಕು, ಅಲ್ಲಿ ಕ್ಯು ಶಾಖೆ ದುರ್ಬಲವಾಗಿದ್ದು ಎರಡೇ ಶಾಖೆಗಳ ಗೋಜು ಇರುತ್ತದೆ. ಜೆ ಹೆಚ್ಚಿದಂತೆ ಪ್ರತಿ ರೇಖೆ ಎರಡಾಗಿ ಸೀಳಿಕೊಳ್ಳುವುದನ್ನು ಕಂಡು ಹೆದರಬೇಕಾಗಿಲ್ಲ. ಅದು ಲ್ಯಾಮ್ಡಾ ದ್ವಿಗುಣನ, ಅಂದರೆ ಒಂದೇ ಆಗಿದ್ದ ಎರಡು ಮಟ್ಟಗಳು ಅಣುವಿನ ತಿರುಗಾಟದಿಂದ ಬೇರಾಗುವುದು, ಎರಡು ಎಳೆಗಳನ್ನು ಬೇರೆ ಬೇರೆಯಾಗಿಯೇ ಹಿಡಿದು ಹೋಗಬೇಕು.

ಮೊದಲ ರೇಖೆಯಿಂದ ಎಣಿಸಿಬಿಡಬಹುದಲ್ಲ ಎಂದು ಅನ್ನಿಸುವುದು ಸಹಜ. ಆದರೆ ಅದು ಕೈಗೆ ಸಿಗುವುದಿಲ್ಲ. ಭ್ರಮಣ ಸ್ಥಿರಾಂಕ ಬಿ (ತಿರುಗುವಿಕೆಯ ಮಟ್ಟಗಳ ಅಂತರವನ್ನು ನಿರ್ಧರಿಸುವ ಸಂಖ್ಯೆ) ಕೆಳಗೆ 0.182, ಮೇಲೆ 0.170 ಸೆಂ.ಮೀ.⁻¹ ಎಂದುಕೊಂಡರೆ ಆರ್ ಶಾಖೆಯ ರೇಖೆಗಳು ಮೊದಲು ಮೇಲಕ್ಕೆ ಸಾಗಿ, ಜೆ 13.5ರ ಆಸುಪಾಸಿನಲ್ಲಿ, ಪಟ್ಟೆಯ ಮೂಲದಿಂದ 2.6 ಸೆಂ.ಮೀ.⁻¹ ದೂರದಲ್ಲಿ ತಿರುಗಿ ಬರುತ್ತವೆ. ಆ ತಿರುವೇ ಪಟ್ಟೆಯ ತಲೆ. ತಿರುಗಿ ಬಂದ ರೇಖೆಗಳು ಮೊದಲ ರೇಖೆಗಳ ಮೇಲೆಯೇ ಹಾಯ್ದುಹೋಗುವುದರಿಂದ ಆ ಜಾಗ ಸಂತೆಯ ಬೀದಿಯಂತಾಗುತ್ತದೆ. 1,000 ಕೆಲ್ವಿನ್‌ನಲ್ಲಿ ಅತಿ ಹೆಚ್ಚು ಅಣುಗಳಿರುವುದು ಜೆ 43ರ ಸುಮಾರಿಗೆ. ಅಲ್ಲಿ ರೇಖೆಗಳು ವಿರಳವಾಗಿಯೂ ಪ್ರಖರವಾಗಿಯೂ ಇರುತ್ತವೆ, ಆದ್ದರಿಂದ ನಡುವಿನಿಂದ ಹೊರಡುವುದೇ ದಾರಿ.

ಇದಕ್ಕೆ ಲೂಮಿಸ್ ಮತ್ತು ವುಡ್ 1928ರಲ್ಲಿ ಕೊಟ್ಟ ಉಪಾಯ ಇಂದಿಗೂ ಸಾಟಿಯಿಲ್ಲದ್ದು. ರೋಹಿತವನ್ನು ಒಂದು ಶಾಖೆಯ ಅಂದಾಜು ಅಂತರದಷ್ಟು ಉದ್ದದ ತುಂಡುಗಳಾಗಿ ಕತ್ತರಿಸಿ ಒಂದರ ಕೆಳಗೊಂದು ಜೋಡಿಸಿದರೆ, ಆ ಶಾಖೆಯ ರೇಖೆಗಳೆಲ್ಲ ಒಂದು ನಯವಾದ ಬಾಗುರೇಖೆಯಲ್ಲಿ ನಿಲ್ಲುತ್ತವೆ, ಮಿಕ್ಕವು ಚೆಲ್ಲಾಪಿಲ್ಲಿಯಾಗುತ್ತವೆ. ಅಡಿಕೆ ತೋಟದಲ್ಲಿ ನಡೆಯುವಾಗ ಎಲ್ಲೆಲ್ಲೂ ಬರೀ ಮರಗಳಾಗಿ ಕಾಣುತ್ತಿದ್ದದ್ದು ಒಂದು ನಿರ್ದಿಷ್ಟ ಜಾಗದಲ್ಲಿ ನಿಂತಾಗ ಥಟ್ಟನೆ ಸಾಲುಸಾಲಾಗಿ ತೆರೆದುಕೊಳ್ಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಕಾಲಿನ್ ವೆಸ್ಟರ್ನ್ ಅವರು ರೂಪಿಸಿದ ಪಿಗೋಫರ್ ಎಂಬ ಉಚಿತ ತಂತ್ರಾಂಶವು ಈ ಚಿತ್ರವನ್ನೂ ಬರೆದುಕೊಡುತ್ತದೆ, ಮುಂದಿನ ಹೊಂದಿಸುವಿಕೆಯನ್ನೂ ಮಾಡಿಕೊಡುತ್ತದೆ.

ಸಾಲುಗಳು ಸಿಕ್ಕ ಮೇಲೆ ಒಂದು ಆರ್ ಸಾಲನ್ನೂ ಒಂದು ಪಿ ಸಾಲನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಒಂದೇ ಮೇಲಿನ ಮಟ್ಟದಿಂದ ಇಳಿಯುವ ಆರ್ ಮತ್ತು ಪಿ ರೇಖೆಗಳ ವ್ಯತ್ಯಾಸವು ಕೆಳಗಿನ ಸ್ಥಿತಿಯನ್ನಷ್ಟೇ ಅವಲಂಬಿಸುತ್ತದೆ. ಆದ್ದರಿಂದ ಒಂದೇ ಕೆಳಕಂಪನ ಮಟ್ಟವನ್ನು ಹಂಚಿಕೊಳ್ಳುವ ಎರಡು ಪಟ್ಟೆಗಳಲ್ಲಿ ಈ ವ್ಯತ್ಯಾಸಗಳು ಸಾಲಿನುದ್ದಕ್ಕೂ ಒಂದೇ ಆಗಿರಬೇಕು. ಪಿ ಸಾಲನ್ನು ಒಂದೊಂದೇ ಮನೆ ಸರಿಸುತ್ತಾ ಹೋಗಿ. ಯಾವ ಜೋಡಣೆಯಲ್ಲಿ ಎರಡೂ ಪಟ್ಟೆಗಳ ವ್ಯತ್ಯಾಸಗಳು 0.004ರ ಒಳಗೆ ಎಲ್ಲ ಕಡೆ ತಾಳೆಯಾಗುತ್ತವೋ ಅದೇ ಸರಿ. ಒಂದೆರಡು ಕಡೆ ತಾಳೆಯಾಗುವುದು ಕಾಕತಾಳೀಯವಿರಬಹುದು, ನಲವತ್ತು ಕಡೆ ಆಗುವುದಿಲ್ಲ.

ಇಷ್ಟಾದರೂ ಜೆಯ ನಿಜವಾದ ಬೆಲೆ ಒಂದು ಮನೆ ಆಚೀಚೆ ಇರಬಹುದು. ನಾವು ಮುಗ್ಗರಿಸಿದ್ದು ಇಲ್ಲೇ. ವಿದ್ಯಾರ್ಥಿನಿಯೊಬ್ಬಳು ಜೆ 40ರಿಂದ 90ರವರೆಗೆ ಚೆನ್ನಾಗಿ ಹಂಚಿದ್ದಳು, ಶೇಷಗಳೂ (ಅಳೆದ ಸ್ಥಾನಕ್ಕೂ ಲೆಕ್ಕದ ಸ್ಥಾನಕ್ಕೂ ಇರುವ ಅಂತರ) ಸಣ್ಣದಾಗಿಯೇ ಕಾಣುತ್ತಿದ್ದವು. ಮೂರು ವಾರದ ಕೆಲಸದ ನಂತರ ಬಂದು, "ಸರ್, ಡಿ ಮೈನಸ್ ಬರ್ತಾ ಇದೆ" ಎಂದಳು. ಡಿ ಎಂದರೆ ಅಣು ತಿರುಗುವಾಗ ಬಂಧ ಹಿಗ್ಗುವುದರ ಅಳತೆ. ಬಿಯ ಘನವನ್ನು ನಾಲ್ಕರಿಂದ ಗುಣಿಸಿ ಕಂಪನದ ಹೆಜ್ಜೆಯ ವರ್ಗದಿಂದ ಭಾಗಿಸಿದರೆ ಅದರ ಅಂದಾಜು ಬೆಲೆ ಸಿಗುತ್ತದೆ, ಇಲ್ಲಿ ಸುಮಾರು 0.00000013 ಸೆಂ.ಮೀ.⁻¹. ಮೈನಸ್ ಬಂದರೆ ತಿರುಗಿದಷ್ಟೂ ಬಂಧ ಕುಗ್ಗುತ್ತದೆ ಎಂದರ್ಥ. ಅಷ್ಟೂ ರೇಖೆಗಳಿಗೆ ಜೆಯನ್ನು ಒಂದು ಹೆಚ್ಚು ಕೊಟ್ಟಿದ್ದೆವು. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ: ವ್ಯತ್ಯಾಸವನ್ನು ಜೆ ಕೂಡಿಸು ಅರ್ಧದಿಂದಲೂ ನಾಲ್ಕರಿಂದಲೂ ಭಾಗಿಸಿದಾಗ ಬಿ ಕಳೆ ಎರಡು ಡಿ ಗುಣಿಸು ಆ ಸಂಖ್ಯೆಯ ವರ್ಗ ಸಿಗಬೇಕು. ಜೆ ಒಂದು ಹೆಚ್ಚಾದರೆ ಆ ಬೆಲೆ 40ರ ಬಳಿ ಶೇಕಡಾ 2.4ರಷ್ಟು ಕಡಿಮೆ, 90ರ ಬಳಿ 1.1ರಷ್ಟು ಮಾತ್ರ ಕಡಿಮೆ ಬರುತ್ತದೆ. ಹೀಗೆ ಏರುತ್ತಾ ಹೋಗುವುದನ್ನು ಗಣಕವು ಋಣ ಡಿ ಎಂದು ಓದಿಕೊಳ್ಳುತ್ತದೆ. ಜೆ ಒಂದು ಕಡಿಮೆ ಕೊಟ್ಟಿದ್ದರೆ ಡಿ ಎರಡು ಪಟ್ಟಿಗೂ ಹೆಚ್ಚು ಬರುತ್ತಿತ್ತು. ವ್ಯತ್ಯಾಸವನ್ನು ಜೆಯ ಎದುರು ಗ್ರಾಫಿನಲ್ಲಿ ಬರೆದು ಹಿಂದಕ್ಕೆ ಎಳೆದಾಗ ಜೆಯ ಬೆಲೆ −1/2 ಆಗುವ ಕಡೆ ಅದು ಸೊನ್ನೆ ಮುಟ್ಟಬೇಕು. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಮೂರು ವಾರ ಉಳಿಯುತ್ತಿತ್ತು, ತಪ್ಪು ಅವಳಿಗಿಂತ ನನ್ನದೇ ಹೆಚ್ಚು.

ಹೊಂದಿಸುವುದು

ಹಂಚಿದ ರೇಖೆಗಳನ್ನೆಲ್ಲ ಕನಿಷ್ಠ ವರ್ಗ ವಿಧಾನದಿಂದ ಒಟ್ಟಿಗೆ ಹೊಂದಿಸಬೇಕು. ಪ್ರತಿ ರೇಖೆಯ ತೂಕ ಅದರ ಅನಿಶ್ಚಿತತೆಯ ವರ್ಗದ ವಿಲೋಮ. ಒಂದರ ಮೇಲೊಂದು ಬಿದ್ದ ರೇಖೆಗಳಿಗೆ ಕಡಿಮೆ ತೂಕ ಕೊಡಿ. ಮೈಕ್ರೋವೇವ್ ರೋಹಿತದಿಂದ ಮೂಲಸ್ಥಿತಿಯ ಸ್ಥಿರಾಂಕಗಳು ಗೊತ್ತಿದ್ದರೆ ಅವನ್ನೂ ಸೇರಿಸಿದರೆ ಕೆಳಗಿನ ಸ್ಥಿತಿ ಗಟ್ಟಿಯಾಗಿ ನಿಲ್ಲುತ್ತದೆ. ನಂತರ ಶೇಷಗಳನ್ನು ಜೆಯ ಎದುರು ಬರೆದು ಕಣ್ಣಾರೆ ನೋಡಲೇಬೇಕು. ಸಂಖ್ಯೆ ಚೆನ್ನಾಗಿ ಬಂದಿದೆ ಎಂದು ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಶೇಷಗಳು ಒಂದೆಡೆ ಮೆಲ್ಲಗೆ ಏರಿ, ಥಟ್ಟನೆ ಚಿಹ್ನೆ ಬದಲಿಸಿ, ಮತ್ತೆ ಇಳಿದರೆ ಅಲ್ಲಿ ಬೇರೊಂದು ಎಲೆಕ್ಟ್ರಾನಿಕ್ ಸ್ಥಿತಿ ಅಡ್ಡ ಹಾಯುತ್ತಿದೆ. ನಿಕ್ಕೆಲ್‌ನಲ್ಲಿ ಮೂಲಸ್ಥಿತಿಯ ಮೇಲೆ ಕೆಲವೇ ನೂರು ಸೆಂ.ಮೀ.⁻¹ ಒಳಗೆ ಇನ್ನೆರಡು ಸ್ಥಿತಿಗಳು ಕುಳಿತಿರುವುದರಿಂದ ಇಂಥ ಕದಲಿಕೆಯನ್ನು ನಿರೀಕ್ಷಿಸಿಯೇ ಇರಬೇಕು. ಅಂಥ ರೇಖೆಗಳನ್ನು ತೆಗೆದುಹಾಕಿ ಅಂಕಿ ಚೆಂದ ಮಾಡುವುದಕ್ಕಿಂತ, ಹಾಗೆಯೇ ಪಟ್ಟಿಯಲ್ಲಿ ಉಳಿಸಿ ಗುರುತು ಹಾಕುವುದು ಪ್ರಾಮಾಣಿಕ ಕೆಲಸ.

ಕೊನೆಗೆ ಬಂಧದ ಉದ್ದ. 16.8576 ಅನ್ನು ಅಣುವಿನ ಸಮಾನೀತ ದ್ರವ್ಯರಾಶಿಯಿಂದಲೂ (ಎರಡು ಪರಮಾಣುಗಳ ದ್ರವ್ಯರಾಶಿಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು) ಬಿಯಿಂದಲೂ ಭಾಗಿಸಿ ವರ್ಗಮೂಲ ತೆಗೆದರೆ ಆಂಗ್‌ಸ್ಟ್ರಾಮ್‌ನಲ್ಲಿ ಉತ್ತರ ಬರುತ್ತದೆ. ನಿಕ್ಕೆಲ್-58, ಕ್ಲೋರಿನ್-35ಕ್ಕೆ ದ್ರವ್ಯರಾಶಿ 21.807, ಬಿ 0.182, ಹಾಗಾಗಿ ಉದ್ದ 2.06. ಈಗ ನೆರಳಿನಿಂದ ಬಿಡಿಸಿದ ಕ್ಲೋರಿನ್-37ರ ಬಿಯನ್ನು ಹಾಕಿ ನೋಡಿ: ಅದು 0.176ರ ಹತ್ತಿರ ಇರಬೇಕು, ದ್ರವ್ಯರಾಶಿ 22.567ರೊಂದಿಗೆ ಅದೇ 2.06 ಬರಬೇಕು. ಇಲ್ಲಿನ ಬಿ ಸುತ್ತಲಿನ ಸ್ಥಿತಿಗಳ ಸೆಳೆತವನ್ನೂ ಒಳಗೊಂಡ ಪರಿಣಾಮಕಾರಿ ಬೆಲೆಯಾದ್ದರಿಂದ ದಶಮಾಂಶದ ನಂತರದ ಮೂರನೆಯ ಅಂಕಿಯನ್ನು ನಂಬಿ ವಾದಕ್ಕಿಳಿಯಬೇಡಿ. ಎರಡು ಐಸೊಟೋಪ್‌ಗಳಿಂದ ಎರಡು ಉದ್ದ ಬಂದರೆ ಮಾತ್ರ ಗ್ರಾಫ್ ಹಾಳೆ ತೆಗೆದು, ಜೆಯನ್ನು ಮತ್ತೆ ಎಣಿಸಲು ಕೂರಿ.